ಹಂದರಕ್ಕೆ ಹೋದ ಸುಳಿ

ಹಿತ್ತಲಿಗೆ ಬಂದರೆ ಪಕ್ಕದ ಮನೆಯ ಗಿರಿಜಮ್ಮ ಕುಡಗೋಲು ಹಿಡಿದು ನನ್ನ ಬೀಸಣಿಗೆ ತಾಳೆಯ ಮುಂದೆ ನಿಂತಿದ್ದರು. ನಡುವಿನ ಎಳೆಯ ಗರಿಗಳು ಸುಳಿಯ ಸಮೇತ ಅವರ ಕೈಯಲ್ಲಿದ್ದವು.

“ಮಗಳ ಮದುವಿ ಹಂದರಕ್ಕ ಬೇಕಿತ್ರಿ ಅಕ್ಕಾರ. ಬಾಳಿಗಿಡ ಕಡಿದ್ರ ಮತ್ತ ಚಿಗರೂದಿಲ್ಲೇನು? ಇದೂ ಚಿಗರತೈತಿ ಬಿಡ್ರಿ.”

ಇದರ ಜೊತೆಗೇ ತಂದ ಇನ್ನೊಂದು ಸಸಿ ಮೈಸೂರಿನ ತಂಗಿಯ ಅಂಗಳದಲ್ಲಿ ಸೂರು ಮುಟ್ಟಿದೆ. ನಮ್ಮ ಕೊಟ್ಟೂರಿನ ಬಿಸಿಲಿಗೆ ನನ್ನದು ಹನ್ನೊಂದು ವರ್ಷಕ್ಕೆ ಸೊಂಟದೆತ್ತರ ಬಂದಿತ್ತು. ಮದುವೆ ಮನೆಯವರಿಗೆ ಕೆಟ್ಟ ಮಾತಾಡಬಾರದೆಂದು ಗರಿಗಳನ್ನು ಕಟ್ಟಿಕೊಟ್ಟೆ. ಹೋಗಿ ಅಕ್ಷತೆಯನ್ನೂ ಹಾಕಿ ಬಂದೆ.

ಸುಳಿ ಹೋದ ತಾಳೆ ಮತ್ತೆ ಚಿಗುರುವುದಿಲ್ಲ. ಆದರೆ ಉಳಿದ ಹಳೆಯ ಗರಿಗಳು ಇನ್ನೂ ಹಸಿರಾಗಿವೆ. ಗಿರಿಜಮ್ಮ ದಿನವೂ ಗೋಡೆಯಾಚೆಯಿಂದ ಅವನ್ನೇ ತೋರಿಸಿ, “ನಾ ಹೇಳಲಿಲ್ಲೇನ್ರಿ?” ಎನ್ನುತ್ತಾರೆ.