ನಾಲ್ಕೂ ಕಡೆ ಇದೆ

ವರ್ಕೌಸ್ ಊರಿನ ಓಯ್ವಾ ಕರ್ವೊನೆನ್ ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮಾಡಲು ಕೆಲಸ ಸಿಗಲಿಲ್ಲ, ಕೊಚ್ಚಿಕೊಳ್ಳಲು ಮಾತ್ರ ಒಂದು ವಿಷಯ ಸಿಕ್ಕಿತು. ಅವನ ಒಂದೇ ಕಂಪ್ಯೂಟರಿನಲ್ಲಿ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ನಾಲ್ಕು ಬಗೆಯದಿತ್ತು. ಕೆಲಸವಿರುವ ಜನ ಒಂದನ್ನು ಹಾಕಿಕೊಂಡು ತೆಪ್ಪಗಿರುತ್ತಾರೆ. ಇವನಿಗೆ ಕೆಲಸವಿರಲಿಲ್ಲವಲ್ಲ, ನಾಲ್ಕು ಬೇಕಾದವು. ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆಯ ಮೇಲೆ ನಾಲ್ಕರ ಹೆಸರೂ ಮೂಡುತ್ತಿತ್ತು. ಕಾಫಿ ಲೋಟ ಹಿಡಿದು, ಇವತ್ತು ಯಾರಿಗೆ ದರ್ಶನ ಕೊಡಲಿ ಎಂಬ ಗತ್ತಿನಲ್ಲಿ ಒಂದನ್ನು ಆರಿಸುತ್ತಿದ್ದ. ಆರಿಸಿ ಏನು ಕಡಿದು ಕಟ್ಟೆ ಹಾಕುತ್ತಿದ್ದ? ಹೊರಗೆ ಹಿಮ ಬೀಳುತ್ತಿದೆಯೇ ಎಂದು ನೋಡುತ್ತಿದ್ದ. ಕಿಟಕಿ ಪಕ್ಕದಲ್ಲೇ ಇತ್ತು.

ಲಿನಕ್ಸಿನಲ್ಲಿ ನಮ್ಮ ಸ್ವಂತ ಫೋಟೊ, ಪತ್ರ, ಹಾಡುಗಳಿರುವ ಜಾಗಕ್ಕೆ ‘ಮನೆ’ ಎನ್ನುತ್ತಾರೆ. ಓಯ್ವಾ ನಾಲ್ಕಕ್ಕೂ ಸೇರಿ ಒಂದೇ ಮನೆ ಮಾಡಿಕೊಟ್ಟಿದ್ದ. ಯಾವುದರಿಂದ ಒಳಗೆ ಹೋದರೂ ಕಾಣುವುದು ಅದೇ ಫೋಟೊ, ಅದೇ ಪತ್ರ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸೇರುವ ಕಂಪ್ಯೂಟರ್ ಸಂಘದಲ್ಲಿ ಈ ಘನಕಾರ್ಯವನ್ನು ಅವನು ಎಷ್ಟು ಸಲ ವರ್ಣಿಸಿದ್ದನೆಂದರೆ, ಅವನು ಬಾಯಿ ತೆರೆದ ಕೂಡಲೇ ಜನ ಕಾಫಿ ಬಗ್ಗಿಸಿಕೊಳ್ಳುವ ನೆಪದಲ್ಲಿ ಎದ್ದುಹೋಗುತ್ತಿದ್ದರು.

ಹೆಂಡತಿ ತೆಲ್ಲೆರ್ವೊಗೆ ಎದ್ದುಹೋಗಲು ಜಾಗವಿರಲಿಲ್ಲ. ಅವನು ಹೇಳಿದ್ದಕ್ಕೆ ಹೂಂಗುಟ್ಟುತ್ತ ಸಾಕ್ಸ್ ಹೆಣೆಯುತ್ತಿದ್ದಳು. ಅವಳ ಮನಸ್ಸೆಲ್ಲ ಅಕ್ಕ ರೌಹಾಳ ಮೇಲಿತ್ತು. ರೌಹಾಗೆ ಲಕ್ವ ಹೊಡೆದು ಮಾತು ಹೋಗಿತ್ತು, ಸರೋವರದ ಆಚೆಯ ಆರೈಕೆ ಮನೆಯಲ್ಲಿದ್ದಳು. ಆರೋಗ್ಯವಾಗಿದ್ದಾಗ ಆ ಹೆಂಗಸಿನ ನಾಲಿಗೆಗೆ ಊರೇ ಹೆದರುತ್ತಿತ್ತು. ಸೌನಾ ಎಂಬ ಹಬೆಸ್ನಾನದ ಕೋಣೆಯಿಂದ ಹೊರಬಂದು ಜಗಲಿಯಲ್ಲಿ ಕೂತು ಅವಳು ಪಾದ್ರಿಯಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರನ್ನೂ ಗೇಲಿ ಮಾಡಿದ್ದನ್ನು ತೆಲ್ಲೆರ್ವೊ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಈಗ ಭಾನುವಾರಗಳಂದು ಹೋಗಿ ಅದನ್ನೇ ಕೇಳಿಸುತ್ತಿದ್ದಳು. ತನ್ನದೇ ಕುಚೋದ್ಯಕ್ಕೆ ರೌಹಾಳ ಅರ್ಧ ತುಟಿ ನಗುತ್ತಿತ್ತು. ವಾರವಿಡೀ ಅವಳು ನಗುತ್ತಿದ್ದುದು ಅಷ್ಟೇ.

ಒಂದು ದಿನ ಫೋನು ತುಂಬಿಹೋಗಿದೆ ಎಂದು ತೆಲ್ಲೆರ್ವೊ ಗೊಣಗಿದಳು. ಓಯ್ವಾನ ಎದೆ ಉಬ್ಬಿತು.

“ಅದನ್ನೆಲ್ಲ ಫೋನಲ್ಲಿ ಯಾಕೆ ಇಟ್ಕೊಂಡಿದೀಯ? ಕೊಡಿಲ್ಲಿ, ನನ್ನ ಕಂಪ್ಯೂಟರಿಗೆ ಹಾಕ್ತೀನಿ. ಭಾನುವಾರ ಬೇಕಾದ್ದನ್ನ ತೆಗೆದುಕೊಡ್ತೀನಿ.”

“ಭದ್ರವಾಗಿರುತ್ತಾ?”

“ನಾಲ್ಕೂ ಕಡೆ ಇರುತ್ತೆ ಮಾರಾಯ್ತಿ. ನಿನ್ನ ಫೋನಲ್ಲಿ ಇರೋದು ಒಂದು ಕಡೆ. ಯಾವುದು ವಾಸಿ, ನೀನೇ ಹೇಳು.”

“ಹಾಗಾದ್ರೆ ಫೋನಿಂದ ಅಳಿಸ್ಲಾ?”

“ಅಳಿಸು, ಅಳಿಸು. ಅದಕ್ಯಾಕೆ ಇಷ್ಟು ಯೋಚನೆ?”

ಅಳಿಸಿದಳು.

ಅದೇ ವಾರ ಸಂಘದಲ್ಲಿ ಯಾರೋ, ತನ್ನ ಅಳಿಯನ ಹತ್ತಿರ ಐದು ಲಿನಕ್ಸ್ ಇವೆ ಎಂದುಬಿಟ್ಟ. ಓಯ್ವಾಗೆ ಹೊಟ್ಟೆಗೆ ಬೆಂಕಿ ಬಿತ್ತು. ಶನಿವಾರ ಐದನೆಯದನ್ನು ಹಾಕಲು ಕೂತ. ಮನೆ ಯಾವುದು ಎಂದು ಅದು ಕೇಳಿತು, ಹಳೆಯ ಮನೆಯನ್ನೇ ತೋರಿಸಿದ. ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಇದನ್ನು ಪೂರ್ತಿ ಅಳಿಸಿ ಹೊಸದು ಮಾಡಲೇ? ಓದಿ ಒತ್ತುವುದು ಹೊಸಬರ ಲಕ್ಷಣ ಎಂದು ಅವನ ಸಿದ್ಧಾಂತ. ಓದದೆ ಹೂಂ ಎಂದ. ಪಾಪ, ಯಂತ್ರಕ್ಕೆ ಇವನಿಗಿಂತ ಬುದ್ಧಿಯಿತ್ತು, ಖಂಡಿತವೇ ಎಂದು ಮತ್ತೆ ಕೇಳಿತು. ಬಲಗೈಯಲ್ಲಿ ಏಲಕ್ಕಿ ಬನ್ನು ಇದ್ದುದರಿಂದ ಎಡಗೈಯಲ್ಲೇ ಒತ್ತಿ ಮುಗಿಸಿದ. ಏನಾಗಿದೆಯೆಂದು ತಲೆಗೆ ಹೋಗುವಷ್ಟರಲ್ಲಿ ಖಾಲಿಯಾದ ಜಾಗದ ಮೇಲೆ ಬೇಕಾದಷ್ಟು ಹೊಸ ಸಾಮಾನು ಸುರಿದಾಗಿತ್ತು. ಎಷ್ಟು ಕೆದಕಿದರೂ ಹಳೆಯದು ಹಿಂದಕ್ಕೆ ಬರಲಿಲ್ಲ.

ಭಾನುವಾರ ತೆಲ್ಲೆರ್ವೊ ಕೋಟು ತೊಟ್ಟು ಫೋನು ಚಾಚಿದಳು.

“ರೌಹಾಳ ಮಾತು ಹಾಕ್ಕೊಡು. ಬಸ್ಸಿಗೆ ಹೊತ್ತಾಯ್ತು.”

“ಒಂದು ಸಣ್ಣ ತೊಂದರೆ ಆಗಿದೆ.”

“ಒಂದರಲ್ಲಿ ಆದ್ರೆ ಆಗ್ಲಿ ಬಿಡು. ಇನ್ನು ಮೂರಿದಾವಲ್ಲ.”

“ಅವುಗಳಲ್ಲೂ ಇಲ್ಲ. ಸರಿಯಾಗಿ ಹೇಳೋದಾದ್ರೆ, ಇದ್ದಿದ್ದೇ ಒಂದು. ನಾಲ್ಕೂ ಕಡೆಯಿಂದ ಕಾಣ್ತಿತ್ತು, ಅಷ್ಟೆ.”

“ನಾಲ್ಕಿದೆ ಅಂದ್ಯಲ್ಲೋ.”

“ನಾಲ್ಕಿದೆ ಅನ್ಲಿಲ್ಲ. ನಾಲ್ಕೂ ಕಡೆ ಇದೆ ಅಂದೆ. ಎರಡಕ್ಕೂ ವ್ಯತ್ಯಾಸ ಇದೆ, ತೆಲ್ಲೆರ್ವೊ.”

ಥೂ! ಕ್ಷಮಿಸು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ, ವ್ಯಾಕರಣ ಬಂತು. ಇಂಥವನ ಮಾತು ನಂಬಿ ಅಕ್ಕನ ದನಿಯನ್ನು ತೆಲ್ಲೆರ್ವೊ ತನ್ನ ಕೈಯಾರೆ ಅಳಿಸಿದ್ದಳು. ಅವನ ಕೋಟನ್ನು ತೆಗೆದು ಅವನ ಮೇಲೆಸೆದಳು.

“ನಡಿ. ಅವಳಿಗೆ ನೀನೇ ಹೇಳು.”

ಆರೈಕೆ ಮನೆಯಲ್ಲಿ ರೌಹಾ ದಿಂಬಿಗೊರಗಿ ಕೂತಿದ್ದಳು. ಅವಳ ಕೂದಲು ಬಾಚಿದ್ದರು. ಓಯ್ವಾ ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡ.

“ನೋಡು ರೌಹಾ, ಇದನ್ನ ಮೊದಲಿಂದ ಹೇಳ್ಬೇಕು. ಒಂದು ಡಿಸ್ಕ್ ಇದೆ ಅಂತ ಇಟ್ಕೋ. ಅದರಲ್ಲಿ ನಾಲ್ಕು ಭಾಗ…”

ಹೇಳಿದ, ಹೇಳಿದ, ಹೇಳುತ್ತಲೇ ಹೋದ. ಆ ಐದನೆಯದನ್ನು ಮಾಡಿದವರಿಗೆ ಪ್ರಶ್ನೆ ಕೇಳುವ ಕ್ರಮವೇ ಗೊತ್ತಿಲ್ಲವಂತೆ. ಆ ಪ್ರಶ್ನೆಯನ್ನು ಅವರು ಕೆಂಪಕ್ಷರದಲ್ಲಿ ಹಾಕಬೇಕಿತ್ತಂತೆ. ಮೊದಲಾಗಿದ್ದರೆ ರೌಹಾ ಒಂದೇ ಮಾತಿನಲ್ಲಿ ಅವನ ಮಾನ ಕಳೆದು ಕೈಗೆ ಕೊಡುತ್ತಿದ್ದಳು. ಈಗ ಸುಮ್ಮನೆ ಕೇಳುತ್ತಿದ್ದಳು. ನಡುವೆ ತಂಗಿಯ ಮಡಿಲಿನಲ್ಲಿದ್ದ ಫೋನನ್ನು ಸರಿಯಿರುವ ಕೈಯಿಂದ ಎಳೆದುಕೊಂಡು ಕಿವಿಗೆ ಒತ್ತಿಕೊಂಡಳು.

“ಓಯ್ವಾ, ಬಾಯಿ ಮುಚ್ಚು,” ಎಂದಳು ತೆಲ್ಲೆರ್ವೊ.

“ಇರು, ಇನ್ನೂ ಮುಗಿದಿಲ್ಲ.”

ರೌಹಾ ಅವನತ್ತ ತಲೆಯಾಡಿಸಿದಳು, ಬೇಗ ಮುಗಿಸು ಎಂಬಂತೆ. ಅವನ ಮಾತು ಮುಗಿದ ಮೇಲೆ ಫೋನಿನಲ್ಲಿ ತನ್ನದು ಶುರುವಾಗುತ್ತದೆ ಎಂದುಕೊಂಡು, ತುಟಿಯನ್ನು ನಗುವಿಗೆ ಅಣಿಮಾಡಿಕೊಂಡು ಅವಳು ಕಾಯುತ್ತಿದ್ದಳು.