ಎಡಗಾಲಿನ ಡಬ್ಬಿ

ನಿಮ್ಮ ಮದ್ದು ಕೆಲಸ ಮಾಡಿತ್ತು, ಡಾಕ್ಟರಮ್ಮ. ಮಾಡಲಿಲ್ಲ ಎಂದು ನಿಮಗೂ ದಿಲ್ಲಿಯವರಿಗೂ ತೋರುವ ಹಾಗೆ ಮಾಡಿದವಳು ನಾನು. ನೀವು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ದಾರಿಯಲ್ಲಿ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತೇನೆ — ನನ್ನ ಬಗ್ಗೆ ನನಗೆ ಅಷ್ಟು ಗೊತ್ತುಂಟು.

ನಿಮ್ಮ ವಿಳಾಸ ನನ್ನಲ್ಲಿಲ್ಲ. ಮಿಲಿಟರಿಯವರಿಗೆ ಒಂದು ಊರು ಅಂತ ಇರುವುದಿಲ್ಲ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ, ಯಾರಾದರೂ ನಿಮಗೆ ಮುಟ್ಟಿಸಲಿ ಎಂದು. ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಕಾಗುಣಿತ ತಿದ್ದುತ್ತಾಳೆ. ಮಾತು ತಿದ್ದಬಾರದು ಎಂದು ಹೇಳಿದ್ದೇನೆ. ನಿಮ್ಮನ್ನು ಅರಿಯದವರೂ ಓದುವುದರಿಂದ ನಿಮಗೆ ಗೊತ್ತಿದ್ದದ್ದನ್ನೂ ಹೇಳಬೇಕಾಗುತ್ತದೆ. ಬೇಸರ ಮಾಡಬೇಡಿ.

ಆಗ ನಾನು ಕಾಪುವಿನ ಹತ್ತಿರದ ಒಂದು ಸಿಗಡಿ ಶೆಡ್ಡಿನಲ್ಲಿ ಮೇಸ್ತ್ರಿ. ದೊಡ್ಡ ಬೋಟುಗಳು ಬಂದ ಹೊಸತು. ಸಿಗಡಿಯ ಮಾಂಸ ಪರದೇಶಕ್ಕೆ ಹೋಗುತ್ತಿತ್ತು, ಸಿಪ್ಪೆ ನಮ್ಮ ಕಾಲಬುಡದಲ್ಲಿ ಉಳಿಯುತ್ತಿತ್ತು. ಹೆಂಗಸರು ಬೆಳಗಿನಿಂದ ಐಸಿನ ನೀರಿನಲ್ಲಿ ನಿಂತೇ ಸುಲಿಯಬೇಕು. ಸಂಜೆಗೆ ಕಾಲು ಬಿಳುಚಿ, ಬೆರಳ ಸಂದಿನ ಚರ್ಮ ನೆನೆದ ಕಾಗದದ ಹಾಗೆ ಎದ್ದು ಬರುತ್ತಿತ್ತು. ಒಡೆದಲ್ಲಿ ಕೀವು. ಯಾರೂ ಅದನ್ನು ಕಾಯಿಲೆ ಎಂದು ಲೆಕ್ಕಕ್ಕೆ ಇಟ್ಟಿರಲಿಲ್ಲ. ಶೆಡ್ಡಿನ ಕಾಲು ಅಂದರೆ ಹಾಗೆಯೇ, ಅಷ್ಟೇ.

ನೀವು ಜೀಪಿನಲ್ಲಿ ಬಂದಿರಿ. ಮೈಮೇಲೆ ಸೀರೆ, ಕಾಲಿಗೆ ಗಂಡಸರ ಬೂಟು. ಸೇನೆಯ ಡಾಕ್ಟರ್, ಮಣಿಪಾಲದ ಗುಡ್ಡದ ಮೇಲೆ ಒಂದು ಕೋಣೆಯಲ್ಲಿ ಮುಲಾಮು ಮಾಡುತ್ತಿದ್ದೇನೆ ಎಂದಿರಿ. ನಿಮ್ಮ ಧಾರವಾಡದ ಮಾತು ನಮಗೆ ಅರ್ಧ ಹಾಡಿನ ಹಾಗೆ ಕೇಳುತ್ತಿತ್ತು. ನಮ್ಮ 'ಉಂಟು' ಕೇಳಿ ನೀವು ನಗುತ್ತಿದ್ದಿರಿ. ಧಣಿಯ ಹತ್ತಿರ ಮಾತು ಮುಗಿಸಿ ನೇರ ಒಳಗೆ ಬಂದು, ಒದ್ದೆ ನೆಲದಲ್ಲೇ ಕೂತು, ಸೆಲಿನ್ ಬಾಯಿಯ ಕಾಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಿರಿ. ನಮ್ಮ ಶೆಡ್ಡಿಗೆಲ್ಲ ಹಿರಿಯಳು ಅವಳು — ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ತುಳು, ದೊಡ್ಡವರ ಎದುರು ಕನ್ನಡ. ನಾಚಿಕೆಯಿಂದ ಕಾಲು ಎಳೆದುಕೊಳ್ಳಲು ನೋಡಿದಳು. ನೀವು ಬಿಡಲಿಲ್ಲ. ಆ ಕಾಲಿನ ವಾಸನೆ ನಮಗೇ ತಡೆಯಲು ಆಗುತ್ತಿರಲಿಲ್ಲ. ನೀವು ಮೂಗು ಸಹ ತಿರುಗಿಸಲಿಲ್ಲ. ಆ ದಿನವೇ ನಾನು ನಿಮ್ಮವಳಾದೆ. ಆಮೇಲೆ ನಾನು ಮಾಡಿದ್ದನ್ನು ನೋಡಿದರೆ ಈ ಮಾತು ನಂಬುವುದು ಕಷ್ಟ, ಆದರೂ ಬರೆದಿದ್ದೇನೆ.

ಯುದ್ಧ ಮುಗಿದಾಗ ನಿಮ್ಮ ಆಸ್ಪತ್ರೆಗೆ ಬಂದ ಹುಡುಗರ ಕಥೆ ಹೇಳಿದಿರಿ. ನೀರು ತುಂಬಿದ ಹೊಂಡಗಳಲ್ಲಿ ದಿನಗಟ್ಟಲೆ ನಿಂತವರು. ಬೂಟು ಎಳೆದರೆ ಜೊತೆಗೆ ಚರ್ಮವೂ ಬಂತಂತೆ. ಕೆಲವರ ಬೆರಳು ಹೋಯಿತು, ಒಬ್ಬನ ಪಾದವೇ ಹೋಯಿತು. "ಗುಂಡಲ್ಲ ಕಲ್ಯಾಣಿ, ನೀರು" ಎಂದಿರಿ. ಮತ್ತೆ ನಮ್ಮ ಕಾಲುಗಳನ್ನು ಸಾಲಾಗಿ ನೋಡಿದಿರಿ. ಜವಾನನ ಕಾಲು, ಸಿಗಡಿ ಸುಲಿಯುವವಳ ಕಾಲು ಎಲ್ಲ ಒಂದೇ ಎಂದು ನಮಗೆ ಆವತ್ತೇ ಗೊತ್ತಾದದ್ದು.

ಮುಲಾಮು ಮಾಡುವುದೇ ನಿಮ್ಮ ಕೆಲಸ ಎಂದು ನಾನು ತಿಳಿದಿದ್ದೆ. ಅದು ನಾಲ್ಕರಲ್ಲಿ ಒಂದು ಭಾಗ ಎಂದಿರಿ. ಮೊದಲು ಇಂಥದ್ದು ಬೇಕು ಎಂದು ಮೇಲಿನವರನ್ನು ಒಪ್ಪಿಸಬೇಕು. ಆಮೇಲೆ ಮದ್ದು ಮಾಡಬೇಕು, ಇಲಿಯ ಮೇಲೆ ನೋಡಬೇಕು, ಮನುಷ್ಯರ ಮೇಲೆ ನೋಡಬೇಕು. ಬಿಸಿಲಿಗೆ ಕರಗಬಾರದು, ಚಳಿಗೆ ಕಲ್ಲಾಗಬಾರದು, ಚೀಲದಲ್ಲಿ ಭಾರವಾಗಬಾರದು, ಕ್ರಯ ಜಾಸ್ತಿ ಆಗಬಾರದು. ಇಷ್ಟೆಲ್ಲ ಆದ ಮೇಲೆ ದಿಲ್ಲಿಯಲ್ಲಿ ಒಂದು ಮೇಜಿನ ಸುತ್ತ ಕೂತವರು 'ಕೊಳ್ಳುತ್ತೇವೆ' ಎನ್ನಬೇಕು. ಅಲ್ಲಿಯವರೆಗೆ ಎಲ್ಲದರ ಹಿಂದೆ ನೀವೇ ನಡೆಯಬೇಕಂತೆ. ಹೆಣ್ಣು ನೋಡುವುದರಿಂದ ಧಾರೆಯವರೆಗೆ ಒಬ್ಬರೇ ಓಡಾಡುವುದಾ ಎಂದು ನಾನು ಕೇಳಿದೆ. ನೀವು ಜೋರಾಗಿ ನಕ್ಕಿರಿ. "ಹಂಗ ತಿಳ್ಕೋ. ಕೊನಿಗೆ ಗಂಡಿನ ಕಡೆಯವರು ಬ್ಯಾಡ ಅಂದ್ರ ಮುಗೀತು."

ಡಬ್ಬಿಯ ವಿಷಯ ನೆನಪುಂಟಾ? ಕಾರ್ಕಳದ ಒಬ್ಬ ತಗಡಿನ ಕೆಲಸದವನ ಹತ್ತಿರ ನೀವೇ ಹೋಗಿ ಮಾಡಿಸಿ ತರುತ್ತಿದ್ದಿರಿ. ತಂದು ನಮ್ಮ ಕೈಗೆ ಕೊಡುವುದು. ಐಸಿನಲ್ಲಿ ಮರಗಟ್ಟಿದ ನಮ್ಮ ಬೆರಳಿಗೆ ಮುಚ್ಚಳ ತೆಗೆಯಲು ಬಂದರೆ ಜವಾನನಿಗೂ ಬರುತ್ತದೆ ಎಂಬ ಲೆಕ್ಕ. ಮೊದಲನೆಯದು ಜಾರಿತು. ಎರಡನೆಯದು ಕೊಯ್ಯಿತು. ಆ ತಗಡಿನವನಿಗೆ ಹೆಂಡತಿ ಇಲ್ಲವಾ, ಇದ್ದಿದ್ದರೆ ಮುಚ್ಚಳ ಅಂದರೆ ಎಂತ ಎಂದು ಗೊತ್ತಿರುತ್ತಿತ್ತು ಎಂದು ಸೆಲಿನ್ ಬಾಯಿ ಗೊಣಗಿದಳು. ನೀವು ಮತ್ತೆ ಕಾರ್ಕಳಕ್ಕೆ ಹೋದಿರಿ. ಮುಚ್ಚಳಕ್ಕೆ ಸಣ್ಣ ಕಿವಿ ಬಂತು. ಅಷ್ಟು ತಾಳ್ಮೆ ನಾನು ನನ್ನ ಮಕ್ಕಳ ಮೇಲೂ ಇಟ್ಟವಳಲ್ಲ.

ಆಮೇಲೆ ಮದ್ದು ಹಚ್ಚುವ ಕೆಲಸ ನನಗೆ ಕೊಟ್ಟಿರಿ. ಎರಡು ಬಗೆಯ ಡಬ್ಬಿ. ಕೆಂಪು ಗುರುತಿನದ್ದು ಬಲಗಾಲಿಗೆ, ನೀಲಿ ಗುರುತಿನದ್ದು ಎಡಗಾಲಿಗೆ. ಒಂದರಲ್ಲಿ ಮದ್ದು ಉಂಟು, ಇನ್ನೊಂದರಲ್ಲಿ ಬರೀ ಕೊಬ್ಬು. ಬಣ್ಣ, ವಾಸನೆ ಎರಡೂ ಒಂದೇ. ಯಾವುದರಲ್ಲಿ ಯಾವುದು ಎಂದು ನಿಮಗೂ ಗೊತ್ತಿಲ್ಲ, ಬೇರೆಯವರು ಬರೆದು ಮುಚ್ಚಿಟ್ಟಿದ್ದಾರೆ ಎಂದಿರಿ. ತಾನೇ ಮಾಡಿದ ಮದ್ದು ಯಾವುದೆಂದು ತನಗೇ ಗೊತ್ತಿಲ್ಲದ ಡಾಕ್ಟರ್ ಎಂದು ಆ ಸಂಜೆ ಶೆಡ್ಡಿನಲ್ಲಿ ನಗುವೋ ನಗು. ಒಬ್ಬಳದ್ದೇ ಎರಡು ಕಾಲು, ಒಂದೇ ನೀರು, ಒಂದೇ ಹೊತ್ತು — ಹಾಗಾಗಿ ಕಾಲಿಗೂ ಕಾಲಿಗೂ ಎಷ್ಟು ವ್ಯತ್ಯಾಸ ಎಂದು ನೋಡಿದರೆ ಸಾಕು ಎಂದು ನನಗೆ ಎರಡೆರಡು ಸಲ ತಿಳಿಸಿ ಹೇಳಿದಿರಿ. ಹೂಂ ಎಂದೆ. ಅರ್ಥವೂ ಆಗಿತ್ತು. ಅರ್ಥವಾಗಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳು.

ಆ ವಾರವೇ ನಿಮಗೆ ದಿಲ್ಲಿಯಿಂದ ಕರೆ ಬಂತು. ಮೇಜಿನ ಸುತ್ತ ಕೂತವರಿಗೆ ಏನೇನೋ ಉತ್ತರ ಕೊಡಬೇಕಿತ್ತು. ನಿನ್ನ ಕೈ ನಂಬಿ ಹೋಗುತ್ತೇನೆ ಎಂದಿರಿ. ಹೋದಿರಿ.

ಕೆಲಸ ಬಿಟ್ಟ ಮೇಲೆ ಹೆಂಗಸರು ಕಾಲು ತೊಳೆದು ಒರೆಸಿ ಮರದ ಪೆಟ್ಟಿಗೆಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ನಾನು ಕೆಳಗೆ ಕೂತು ಒಬ್ಬೊಬ್ಬಳದ್ದೇ ಕಾಲು ಎತ್ತಿ ಹಚ್ಚುತ್ತಿದ್ದೆ, ನೀವು ಹಚ್ಚಿದ ಹಾಗೇ. ನಾಲ್ಕೈದು ದಿನಕ್ಕೆ ಎಲ್ಲರಿಗೂ ಗೊತ್ತಾಯಿತು. ಬಲಗಾಲು ಕೂಡಿಕೊಳ್ಳುತ್ತಿತ್ತು. ಎಡಗಾಲು ಹಾಗೆಯೇ.

ಸೆಲಿನ್ ಬಾಯಿಯ ಎಡಗಾಲು ಎಲ್ಲರದ್ದಕ್ಕಿಂತ ಕೆಟ್ಟಿತ್ತು. ಅವಳು ಬಲಗಾಲು ಊರಿ ಎಡಗಾಲು ಎಳೆಯುತ್ತಾ ಬಂದು ಪೆಟ್ಟಿಗೆಯ ಮೇಲೆ ಕೂತಳು.

"ನನ್ನ ಬಲಗಾಲಿಗೆ ಮದುವೆ ಮಾರಾಯ್ತಿ, ಎಡಗಾಲಿಗೆ ಸಾವಿನ ಗಂಟೆ" ಎಂದಳು. "ನಮ್ಮಲ್ಲಿ ಮದುವೆಯ ಮುಂಚಿನ ದಿನ, ರೋಸಿಗೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತೇವೆ. ಒಂದೇ ಕೈಗೆ ಹಚ್ಚಿ ಏಳಿಸುವುದುಂಟಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲೂ ಹಾಗೆಯೇ. ಒಂದೇ ಕಾಲಿಗೆ ಅರಸಿನ ಹಚ್ಚಿ ಬಿಡುವುದಿಲ್ಲ, ಮಗುವಿಗೆ ಎಣ್ಣೆ ತಿಕ್ಕುವಾಗ ಒಂದು ಕಾಲು ತಿಕ್ಕಿ ಇನ್ನೊಂದನ್ನು ಹಾಗೇ ಬಿಡುವುದಿಲ್ಲ. ಬಿಟ್ಟರೆ ಎಂತ ಆಗುತ್ತದೆ ಎಂದು ಯಾರೂ ಹೇಳುವುದಿಲ್ಲ; ಬಿಡುವುದಿಲ್ಲ, ಅಷ್ಟೇ. ಅವಳ ಎಡಗಾಲು ನನ್ನ ಮಡಿಲಲ್ಲಿತ್ತು. ಬಿಸಿ ಇತ್ತು. ಎಡಗೈಯಲ್ಲಿ ನೀಲಿ ಡಬ್ಬಿ. ಪ್ರಯೋಜನ ಇಲ್ಲ ಎಂದು ಗೊತ್ತಿದ್ದೂ ಅದನ್ನೇ ಹಚ್ಚುವುದು — ಹೇಗೆ — ನನ್ನ ಬೆರಳು ಕೆಂಪು ಡಬ್ಬಿಗೆ ಹೋಯಿತು. ತಾನಾಗಿ ಹೋಯಿತು ಎಂದು ಬರೆಯಲು ಮನಸ್ಸಾಗುತ್ತದೆ. ಬೆರಳು ನನ್ನದೇ.

ಒಬ್ಬಳಿಗೆ ಹಚ್ಚಿದರೆ ಉಳಿದವರು ಬಿಡುತ್ತಾರಾ? ಸೆಲಿನ್ ಬಾಯಿ ನಿನಗೆ ಅತ್ತೆಯಾ, ನಮ್ಮ ಎಡಗಾಲು ನಾಯಿಯದ್ದಾ ಎಂದು ಶುರುವಾಯಿತು. ಮಾರನೆಯ ದಿನದಿಂದ ಎಲ್ಲರ ಎರಡೂ ಕಾಲಿಗೆ ಕೆಂಪು ಡಬ್ಬಿಯದ್ದನ್ನೇ ತೆಳುವಾಗಿ ಹಚ್ಚಿದೆ.

ಇಲ್ಲಿಯವರೆಗಿನದ್ದನ್ನು ಯಾರಾದರೂ ಕರುಣೆ ಎಂದರೂ ಎನ್ನಬಹುದು. ಮುಂದಿನದ್ದಕ್ಕೆ ಆ ಹೆಸರಿಲ್ಲ. ನೀಲಿ ಡಬ್ಬಿ ತುಂಬಿದ ಹಾಗೇ ಇದ್ದರೆ ನಿಮಗೆ ಗೊತ್ತಾಗುತ್ತದಲ್ಲ? ಶೆಡ್ಡಿನ ಹಿಂದೆ ಬಾವಿ ಇತ್ತು, ಊರಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುವ ರಾಟೆ. ದಿನಾ ಸಂಜೆ ನೀಲಿ ಡಬ್ಬಿಯಿಂದ ಅಷ್ಟಷ್ಟು ತೆಗೆದು ಆ ರಾಟೆಗೆ ಬಳಿದೆ. ಕರುಣೆ ಇದ್ದವಳು ಕಾಲಿಗೆ ಹಚ್ಚುತ್ತಾಳೆ. ರಾಟೆಗೆ ಬಳಿಯುವವಳು ಕಳ್ಳಿ.

ನೀವು ಬಂದಾಗ ಹೆಂಗಸರ ಕಾಲೆಲ್ಲ ಗುಣವಾಗಿತ್ತು. ಎರಡೂ ಕಾಲು. ನೀವು ಮೊದಲನೆಯವಳದ್ದು ನೋಡಿದಿರಿ, ಎರಡನೆಯವಳದ್ದು ನೋಡಿದಿರಿ, ಹಾಗೇ ಕೊನೆಯವರೆಗೂ. ನಾನು ಹಚ್ಚಿದ್ದು ಹೇಗೆಂದು ಹೆಂಗಸರು ಹೇಳಲಿಲ್ಲ, ಹೇಳಿದರೆ ಮೇಸ್ತ್ರಿಗೆ ತೊಂದರೆ ಎಂದು ನನ್ನ ಮುಖ ನೋಡಿಕೊಂಡು ಕೂತಿದ್ದರು. ಕೈ ತೊಳೆಯಲು ಬಾವಿಗೆ ಹೋದಿರಿ. ನೀರು ಸೇದುತ್ತಾ ರಾಟೆಗೆ ಎಣ್ಣೆ ಹಾಕಿದ್ದೀರಾ, ಸದ್ದೇ ಇಲ್ಲವಲ್ಲ ಎಂದು ಕೇಳಿದಿರಿ. ಹೌದು ಎಂದೆ. ಕೈ ಒರೆಸಿಕೊಂಡು ನನ್ನ ಎದುರು ನಿಂತಿರಿ.

"ಡಬ್ಬಿ ಅದಲಬದಲ ಆಗಿಲ್ಲಲ್ಲಾ, ಕಲ್ಯಾಣಿ?"

"ಇಲ್ಲ ಡಾಕ್ಟರಮ್ಮ. ನೀವು ಹೇಳಿದ ಹಾಗೆಯೇ ಹಚ್ಚಿದ್ದು."

ನನ್ನನ್ನು ಯಾರೂ ಹೆದರಿಸಿರಲಿಲ್ಲ. ನಿನ್ನ ಕೈ ನಂಬಿದ್ದೇನೆ ಎಂದ ಒಬ್ಬರೇ ಒಬ್ಬ ಓದಿದ ಹೆಂಗಸು ನೀವು, ಆ ನಂಬಿಕೆ ನಿಮ್ಮ ಕಣ್ಣಿನಿಂದ ಹೋಗುವುದನ್ನು ನೋಡಲು ನನ್ನಿಂದ ಆಗಲಿಲ್ಲ. ನಂಬಿಕೆ ಉಳಿಸಿಕೊಳ್ಳಲು ನಂಬಿಕೆಯನ್ನೇ ತಿಂದೆ.

ಆಗ ಒಪ್ಪಿಕೊಂಡಿದ್ದರೆ ಎಂತ ಆಗುತ್ತಿತ್ತು? ಬೈಯುತ್ತಿದ್ದಿರಿ. ಹೆಜಮಾಡಿಯಲ್ಲೋ ಮತ್ತೆಲ್ಲೋ ಬೇರೆ ಹೆಂಗಸರನ್ನು ಹುಡುಕಿ ಮತ್ತೆ ಶುರುಮಾಡುತ್ತಿದ್ದಿರಿ. ಡಬ್ಬಿಯ ಮುಚ್ಚಳಕ್ಕೆ ಮೂರು ಸಲ ಕಾರ್ಕಳಕ್ಕೆ ಹೋದವರು ನೀವು.

ಮಳೆ ಶುರುವಾಗುವ ಮೊದಲು ಕೊನೆಯ ಸಲ ಬಂದಿರಿ. ಬೇರೆ ಕಡೆಗೆ ವರ್ಗ ಆಗಿತ್ತು. ಮುಚ್ಚಿಟ್ಟದ್ದನ್ನು ಬಿಚ್ಚಿ ನೋಡಿದ್ದರಂತೆ: ಮದ್ದಿನ ಕಾಲು, ಬರೀ ಕೊಬ್ಬಿನ ಕಾಲು ಎರಡೂ ಒಂದೇ ಸಮ. ಅಂದರೆ ಕಾಲು ಗುಣವಾದದ್ದು ಕೊಬ್ಬಿನಿಂದ, ದಿನಾ ತೊಳೆದು ಒರೆಸಿದ್ದರಿಂದ. ನೀವು ಅಷ್ಟು ವರ್ಷ ಕುದಿಸಿ ಸೋಸಿದ್ದರಿಂದ ಅಲ್ಲ. ಹೀಗಿರುವಾಗ ಇದನ್ನು ಏಕೆ ಕೊಳ್ಳಬೇಕು ಎಂದು ದಿಲ್ಲಿಯವರು ಕೇಳಿದರು. ಅವರದ್ದು ತಪ್ಪಿಲ್ಲ. ಅವರು ನನ್ನ ಸುಳ್ಳನ್ನು ಸರಿಯಾಗಿಯೇ ಓದಿದ್ದರು.

"ಔಷಧ ಕೆಲಸ ಮಾಡ್ಲಿಲ್ಲ. ಇರ್ಲಿ" ಎಂದಿರಿ ನೀವು. "ನಿಮ್ಮ ಕಾಲ ಆರಾಮ ಆದವಲ್ಲಾ, ಅಷ್ಟ ಸಾಕು."

ಉಳಿದ ಡಬ್ಬಿಗಳನ್ನು ನಮಗೇ ಕೊಟ್ಟಿರಿ. ಸೆಲಿನ್ ಬಾಯಿಯ ಹತ್ತಿರ ಕೂತು ಅವಳ ಎಡಗಾಲನ್ನು ಒಂದು ಸಲ ಸವರಿದಿರಿ, ಮಗುವಿನ ತಲೆ ಸವರಿದ ಹಾಗೆ. ಹೇಳಲು ಆಗಲೂ ಹೊತ್ತು ಇತ್ತು, ಡಾಕ್ಟರಮ್ಮ. ಜೀಪು ಹೊರಟಿತು. ನಾನು ಕೈ ಬೀಸಿದೆ. ಮೊದಲಿನ ಸುಳ್ಳಿಗಿಂತ ಆ ಕೈ ಬೀಸಿದ್ದೇ ದೊಡ್ಡದು ಎಂದು ಈಗ ನನಗೆ ಅನಿಸುತ್ತದೆ. ನಿಮ್ಮ ಮದ್ದನ್ನು ಕೊಂದದ್ದಲ್ಲದೆ, ಅದು ಹುಟ್ಟುವಾಗಲೇ ಸತ್ತಿತ್ತು ಎಂದು ನಿಮ್ಮನ್ನು ನಂಬಿಸಿ ಕಳುಹಿಸಿದೆ.

ಇಷ್ಟು ವರ್ಷ ಸುಮ್ಮನಿದ್ದೆ. ಶೆಡ್ಡು ಬಿಟ್ಟೆ, ಮೊಮ್ಮಕ್ಕಳಾದರು. ಸೆಲಿನ್ ಬಾಯಿ ತೀರಿಕೊಂಡಳು. ಕೊನೆಯವರೆಗೂ ಎರಡೂ ಕಾಲಿನಲ್ಲಿ ನೆಟ್ಟಗೆ ನಡೆದು ಇಗರ್ಜಿಗೆ ಹೋದಳು. ಅದನ್ನು ನೋಡಿದಾಗಲೆಲ್ಲ ನಾನು ಮಾಡಿದ್ದು ಅಷ್ಟೇನೂ ಕೆಟ್ಟದ್ದಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

ಮೊನ್ನೆ ಉಡುಪಿಯಿಂದ ಕಾರ್ಕಳದ ಬಸ್ಸಿನಲ್ಲಿ ಮಗಳ ಮನೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಪೆರ್ಡೂರಿನವನೊಬ್ಬ, ಮಿಲಿಟರಿಯಿಂದ ಬಿಟ್ಟು ಬಂದವನು. ಸೆಕೆಗೆ ಬೂಟು ಕಳಚಿದ. ಒಂದು ಪಾದದಲ್ಲಿ ಬೆರಳುಗಳೇ ಇರಲಿಲ್ಲ. ನಾನು ಕೇಳಲು ಸಂಕೋಚ ಇಲ್ಲದವಳು, ಗುಂಡು ತಾಗಿದ್ದಾ ಮಗಾ ಎಂದು ಕೇಳಿಯೇಬಿಟ್ಟೆ.

"ಗುಂಡಲ್ಲ ಅಮ್ಮ. ನೀರು" ಎಂದ.

ಯಾವಾಗ ಎಂದು ಕೇಳಿದೆ. ಹೇಳಿದ. ನೀವು ನಮ್ಮ ಶೆಡ್ಡಿನಿಂದ ಹೋಗಿ ಕೆಲವು ವರ್ಷದ ಮೇಲಿನ ಮಾತು. ಹಚ್ಚಲು ಎಂತದೂ ಕೊಟ್ಟಿರಲಿಲ್ಲವಾ ಎಂದೆ. ಪುಡಿ ಕೊಟ್ಟಿದ್ದರು, ನೀರಿನಲ್ಲಿ ಪುಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಕ್ಕ. ಹಿರಿಯಡ್ಕದಲ್ಲಿ ಇಳಿದು, ಪೆರ್ಡೂರಿನ ಬಸ್ಸು ಹಿಡಿಯಲು ಹಿಮ್ಮಡಿ ಊರಿಕೊಂಡು ಹೋದ. ನಿಮ್ಮ ಮುಲಾಮು ಅವನ ಚೀಲಕ್ಕೆ ಮುಟ್ಟುತ್ತಿತ್ತೋ ಇಲ್ಲವೋ, ಮುಟ್ಟಿದ್ದರೂ ಬೆರಳು ಉಳಿಯುತ್ತಿತ್ತೋ — ನನಗೆ ಗೊತ್ತಿಲ್ಲ. ಅವನ ಚೀಲದಲ್ಲಿ ಅದು ಇರದ ಹಾಗೆ ಮಾಡಿದ್ದರಲ್ಲಿ ನನ್ನ ಕೈ ಉಂಟು. ಅದು ಗೊತ್ತುಂಟು.

ಸೋಮವಾರ ಮಣಿಪಾಲಕ್ಕೆ ಹೋಗುತ್ತೇನೆ. ಆ ಗುಡ್ಡದ ಮೇಲೆ ನಿಮ್ಮನ್ನು ಬಲ್ಲವರು ಒಬ್ಬರಾದರೂ ಇರಬಹುದು. ಇಲ್ಲದಿದ್ದರೆ ಇನ್ನೊಂದು ಬಾಗಿಲು ತಟ್ಟುತ್ತೇನೆ. ಕ್ಷಮೆ ಕೇಳಲು ಅಲ್ಲ. ಕೊಡುವುದು ಬಿಡುವುದು ನಿಮಗೆ ಸೇರಿದ್ದು. ಆವತ್ತು ನಿಮಗೆ ಹೇಳಬೇಕಾಗಿದ್ದದ್ದನ್ನು ಹೇಳಲು. ಇಲ್ಲೂ ಬರೆದಿಡುತ್ತೇನೆ, ನಾನು ಹೋಗಿ ಮುಟ್ಟದಿದ್ದರೆ ಇದಾದರೂ ಮುಟ್ಟಲಿ.

ಸೆಲಿನ್ ಬಾಯಿಯ ಕಾಲು, ನಾನು ಅದಲುಬದಲು ಮಾಡುವ ಮೊದಲಿನ ಸಂಜೆ: ಬಲಗಾಲು, ಕೆಂಪು ಡಬ್ಬಿ — ಬೆರಳ ಸಂದು ಕೂಡಿತ್ತು, ಕೀವು ಇರಲಿಲ್ಲ, ಹೊಸ ಚರ್ಮ ತೆಳ್ಳಗೆ ಗುಲಾಬಿಯಾಗಿ ಬಂದಿತ್ತು, ಒತ್ತಿದರೆ ನೋವಿಲ್ಲ ಎಂದಳು. ಎಡಗಾಲು, ನೀಲಿ ಡಬ್ಬಿ — ಒಡೆದ ಹಾಗೆಯೇ ಇತ್ತು, ಒದ್ದೆ, ಕೆಂಪು, ಬಿಸಿ. ಎಲ್ಲ ಹೆಂಗಸರದ್ದೂ ಹಾಗೆಯೇ ಇತ್ತು.

ನಾನು ಕಣ್ಣಾರೆ ನೋಡಿದ್ದೇನೆ. ಮದ್ದು ಕೆಲಸ ಮಾಡಿತ್ತು.