ಎರಡನೇ ಗೆರೆ ಎಳೆದವನು

ಡಾಕ್ಟರ್ ಪ್ಯಾಡಿನ ಮೇಲೆ ನಮ್ಮ ವಂಶವೃಕ್ಷ ಬರೆಯುತ್ತಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನನ್ನ ತಮ್ಮ ಸುರೇಶ ಮತ್ತು ಅವನ ಹೆಂಡತಿ ರೇಖಾಳ ನಡುವೆ ಮಾತ್ರ ಎರಡು ಗೆರೆ ಎಳೆದರು.

“ಇದ್ಯಾಕ್ರಿ ಎರಡು?” ಅಂದೆ.

“ರಕ್ತಸಂಬಂಧದಾಗ ಮದಿವಿ ಆಗೇತಲ್ರಿ, ಅದಕ್ಕ.”

ಆ ಎರಡನೇ ಗೆರೆ ಎಳೆದವನು ನಾನು. ರೇಖಾ ನಮ್ಮಕ್ಕನ ಮಗಳು. ಮೋರಟಗಿಯ ಅಕ್ಕನ ಮನೆಗೆ ಹೋಗಿ, “ಮನಿ ಹುಡುಗಿ ಮನ್ಯಾಗ ಇರಲಿ” ಅಂತ ಮುಂದೆ ನಿಂತು ತಮ್ಮನಿಗೆ ತಂದುಕೊಂಡವನೂ ನಾನೇ. ಆಗ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಜಾತಕ ಕೂಡಿತ್ತು. ರಕ್ತವನ್ನು ಯಾರು ನೋಡಿದ್ದರು?

ಅವರ ಮಗಳು ಚೈತ್ರಾಗೆ ಈಗ ಆರು ವರ್ಷ. ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಯಾವ ಕೈಗೆ ಚುಚ್ಚಬೇಕು ಅಂತ ಸಿಸ್ಟರಿಗೆ ಅವಳೇ ಹೇಳುತ್ತಾಳೆ. (ನನಗೆ ಬಿಪಿ ಪಟ್ಟಿ ಕಟ್ಟಿದರೂ ಬೆವರು.) ಗಂಡ ಹೆಂಡತಿ ಇಬ್ಬರಲ್ಲೂ ಆ ಜೀನು ಅಡಗಿದ್ದರೆ ಮಗುವಿಗೆ ಈ ಕಾಯಿಲೆ ಬರಬಹುದು. ಅಡಗಿಸಿಕೊಂಡವರು ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತಾರೆ!

ಈಗ ರೇಖಾಗೆ ಮತ್ತೆ ಮೂರನೇ ತಿಂಗಳು. ಗರ್ಭದಿಂದ ಸ್ಯಾಂಪಲ್ ತೆಗೆದು ನೋಡಿದರೆ ಈ ಕೂಸಿಗೂ ಕಾಯಿಲೆ ಇದೆಯೇ ಅಂತ ತಿಳಿಯುತ್ತದೆ. (ಗಂಡೋ ಹೆಣ್ಣೋ ಅಂತಲ್ಲ. ಅದು ಅಪರಾಧ ಅಂತ ಗೋಡೆಯ ಮೇಲೇ ಬೋರ್ಡಿತ್ತು.) ಭ್ರೂಣವನ್ನು ಹೊರಗೇ ಬೆಳೆಸಿ, ಪರೀಕ್ಷೆ ಮಾಡಿ, ಆಮೇಲೆ ಗರ್ಭದಲ್ಲಿಡುವ ದಾರಿಯೂ ಇದೆಯಂತೆ. ನಮಗೆ ತಿಳಿಯುವ ಹೊತ್ತಿಗೆ ಆ ದಾರಿ ದಾಟಿ ಬಂದಾಗಿತ್ತು.

ಕಾಯಿಲೆ ಇದ್ದರೆ? ಉಳಿಸಿಕೊಳ್ಳಬಹುದು, ತೆಗೆಸಲೂಬಹುದು, ನಿರ್ಧಾರ ನಿಮ್ಮದು ಅಂದರು ಡಾಕ್ಟರ್.

ಸ್ಯಾಂಪಲ್ ಕೊಟ್ಟು ಬಂದ ರೇಖಾ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು.

“ಮಾಮಾ, ಇದಕ್ಕೂ ಐತಿ ಅಂದ್ರ ಏನ್ ಮಾಡ್ಲಿ? ಇನ್ನೊಂದ್ ಕೂಸಿಗೆ ಸೂಜಿ ಚುಚ್ಚೂದು ನೋಡಾಕ ನನ್ನ ಕೈಲೆ ಆಗೂದಿಲ್ಲ. ಬ್ಯಾಡ ಅಂದ್ರ, ನಾಳಿ ಚೈತ್ರಾ ದೊಡ್ಡಾಕಿ ಆಗಿ ಕೇಳ್ತಾಳ, ‘ಅವ್ವಾ, ನನ್ನಂಥಾ ಕೂಸು ನಿನಗ ಬ್ಯಾಡಾಗಿತ್ತೇನು?’ ಅಂತ.”

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ? ಇದ್ದರೂ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ. ಹೊರುವವಳು ಅವಳು, ಹಡೆಯುವವಳು ಅವಳು. ಹೂಂ ಅಂದರೂ ಊಹೂಂ ಅಂದರೂ ಅವಳ ಬೆನ್ನಿಗೆ ನಿಲ್ಲುತ್ತೇನೆ ಅಂತ ಅಲ್ಲೇ ನಿಶ್ಚಯಿಸಿದೆ.

ವಾಪಸ್ ಬರುವಾಗ ಸುರೇಶ ಗಾಡಿ ಓಡಿಸುತ್ತಿದ್ದ. ನಾನೂ ರೇಖಾನೂ ಹಿಂದೆ. ದಾರಿಯಲ್ಲಿ ಮನಗೂಳಿ ಊರು ಇನ್ನೂ ಬಂದಿರಲಿಲ್ಲ, ಅಕ್ಕನ ಫೋನು ಬಂತು. ಮಗಳ ಟೆಸ್ಟಿನ ಬಗ್ಗೆ ಎರಡು ಮಾತು ಕೇಳಿದವಳು, ನನ್ನ ಮಗ ಪ್ರಕಾಶನಿಗೆ ತನ್ನ ಕಿರಿಮಗಳು ರೂಪಾಳನ್ನು ಕೊಡುವ ವಿಷಯ ತೆಗೆದಳು. ಮನೆಯೊಳಗೆ ಆಗಲೇ ಅರ್ಧ ಗಟ್ಟಿಯಾದ ಮಾತು ಅದು.

“ಆಗ್ಲಿ ಅಕ್ಕಾ. ಆದ್ರ ಮೊದಲ ಇಬ್ಬರದೂ ರಕ್ತ ಟೆಸ್ಟ್ ಆಗ್ಲಿ. ಇಬ್ಬರೊಳಗೂ ಇದ್ರ ಮದಿವಿ ಇಲ್ಲ.”

ಅಕ್ಕ ಬೆಂಕಿಯಾದಳು. “ನನ್ನ ಮಗಳ ರಕ್ತದ ಮ್ಯಾಲ ನಿನಗ ಸಂಶೇ ಬಂತೇನೋ? ಒಂದ ತಾಯಿ ಹಾಲು ಕುಡದವರು ನಾವು! ಮಂದಿ ಏನ್ ಅಂದಾರು?”

ಮನೆಯಲ್ಲಿ ಹುಲಿಯಂತಿದ್ದರೂ ಅಕ್ಕನ ಮುಂದೆ ನಾನು ಇಲಿ. ಆದರೆ ಆವತ್ತು ಬಗ್ಗಲಿಲ್ಲ.

“ಪ್ರಕಾಶಂದು ಮೊದಲ ಮಾಡಸ್ತೇನಿ. ರಿಪೋರ್ಟ್ ನಿನಗ ಕಳಸ್ತೇನಿ” ಅಂದೆ.

ಅಕ್ಕನ ಕೂಗು ಗಾಡಿಯೆಲ್ಲ ಕೇಳುತ್ತಿತ್ತು. ರೇಖಾ ನನ್ನ ಕೈಯಿಂದ ಫೋನು ಕಸಿದುಕೊಂಡಳು.

“ಅವ್ವಾ, ಇವತ್ತ ನಾ ಕುಂತ ಬೆಂಚಿನ ಮ್ಯಾಲ ರೂಪಾ ಕೂಡಬಾರದು. ಮಾಮಾ ಹೇಳಿದಂಗ ಮಾಡು” ಅಂದವಳೇ ಫೋನು ಕಟ್ ಮಾಡಿದಳು.

ಅವಳ ರಿಪೋರ್ಟ್ ಇನ್ನೂ ಬಂದಿಲ್ಲ. ಫೋನು ರಿಂಗಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾಳೆ. ನನಗೆ ಸಂಕಟವಾಗುತ್ತದೆ. ಅಕ್ಕ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬಿಡಲಿ. ಪ್ರಕಾಶ ಮೊನ್ನೆ ರಕ್ತ ಕೊಟ್ಟು ಬಂದ.

ಹುಡುಗಿಯ ಜಾತಕ ಕೇಳಿದವರನ್ನು ಚಹಾ ಕೊಟ್ಟು ಕೂರಿಸುವ ನಾವು, ರಕ್ತದ ರಿಪೋರ್ಟ್ ಕೇಳಿದವರಿಗೆ ಬಾಗಿಲು ತೋರಿಸುವುದು ಯಾಕೆ?